ಬೆರಳಿಗೊಂದು ಬಾಣಂತನ

ರಜೆಗೆಂದು ಊರಿಗೆ ಬಂದವಳು ಮತ್ತೆ ಆ ದೇಶಕ್ಕೆ ಹೋಗಲೇ ಇಲ್ಲ. ಪೂರ್ವ ಆಫ್ರಿಕಾದ ಒಂದು ಸಣ್ಣ ಪಟ್ಟಣದ ಶಾಲೆಯಲ್ಲಿ ಐದು ವರ್ಷ ಗಣಿತ ಕಲಿಸಿದ್ದೆ. ಗಂಡ ಅದೇ ಶಾಲೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದರು. ಮಗಳು ಹುಟ್ಟಿದ್ದೂ ಅಲ್ಲೇ. ಮೂರು ವರ್ಷ ತುಂಬುತ್ತ ಬಂದರೂ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಸ್ವಾಹಿಲಿ, ಮಗು ಗೊಂದಲದಲ್ಲಿದೆ ಎಂದು ಅಲ್ಲಿನವರು ಸಮಾಧಾನ ಹೇಳಿದ್ದರು. ಅದನ್ನು ನಾನೂ ನಂಬಿದ್ದೆ. ರಜೆಯಲ್ಲಿ ಬೆಂಗಳೂರಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಗೊತ್ತಾಯಿತು, ಅವಳ ಎರಡು ಕಿವಿಗೂ ಯಾವ ಭಾಷೆಯೂ ಮುಟ್ಟಿರಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಒಳಗಿವಿಗೆ ಒಂದು ಸಾಧನ ಕೂಡಿಸಬಹುದು, ಐದು ತುಂಬುವುದರೊಳಗೆ ಆಗಬೇಕು ಎಂದರು. ಆಮೇಲೆ ಮಾಡಿಸಿದರೆ ಸದ್ದು ಕೇಳೀತು, ಮಾತು ಕಲಿಯುವುದು ಕಷ್ಟ. ಖರ್ಚು ಕೇಳಿ ನಾವಿಬ್ಬರೂ ಅಲ್ಲೇ ಲೆಕ್ಕ ಹಾಕಿದೆವು. ಒಡವೆ ಮಾರಿ, ಕೂಡಿಟ್ಟದ್ದು ಸೇರಿಸಿದರೂ ಅರ್ಧಕ್ಕೆ ಬರುತ್ತಿತ್ತು. ಉಳಿದ ಅರ್ಧ ಇದ್ದದ್ದು ಒಂದೇ ಕಡೆ, ನಾನು ಬಿಟ್ಟು ಬಂದ ದೇಶದ ಪಿಂಚಣಿ ನಿಧಿಯಲ್ಲಿ.

ಅಲ್ಲಿ ತಿಂಗಳು ತಿಂಗಳೂ ನನ್ನ ಸಂಬಳದಿಂದ ಒಂದು ಪಾಲು ಹಿಡಿದು, ಶಾಲೆ ತನ್ನ ಪಾಲು ಸೇರಿಸಿ ಕಟ್ಟುತ್ತಿತ್ತು. ನನ್ನವರದು ಖಾಯಂ ನೌಕರಿಯಲ್ಲ, ಅವರಿಗೆ ಆ ನಿಧಿ ಇರಲಿಲ್ಲ. ಅಲ್ಲಿಯವರಿಗಾದರೆ ವಯಸ್ಸಾದ ಮೇಲೆ ಪಿಂಚಣಿ. ಪರದೇಶದ ಶಿಕ್ಷಕರು ದೇಶ ಬಿಟ್ಟು ಹೋಗುವುದು ಖಾಯಂ ಎಂದು ಸಾಬೀತು ಮಾಡಿದರೆ ಇಡೀ ಗಂಟು ವಾಪಸ್ಸು. ಈ ಸಾಬೀತು ಎಂಬ ಪದದಲ್ಲೇ ನಮ್ಮ ಒಂದೂವರೆ ವರ್ಷ ಮುಳುಗಿಹೋಯಿತು.

ನಾನು ಹೊರಟದ್ದು ರಜೆಯ ಮೇಲೆ. ಕೆಲಸದ ಪರವಾನಗಿ ಇನ್ನೂ ಜೀವಂತವಾಗಿತ್ತು, ಪಾಸ್‌ಪೋರ್ಟಿನ ಮುದ್ರೆಯಲ್ಲಿ ನಾನು ಹಿಂತಿರುಗುವವಳು. ಮೊದಲು ಪರವಾನಗಿ ರದ್ದಾಗಬೇಕು, ಶಾಲೆಯಿಂದ ಬಾಕಿ ಇಲ್ಲವೆಂಬ ಪತ್ರ ಬೇಕು, ಆಮೇಲೆ ಅರ್ಜಿ. ಶಿಡ್ಲಘಟ್ಟದ ಬಸ್ ನಿಲ್ದಾಣದ ಬಳಿ ಆಗ ಒಂದು ಸೈಬರ್ ಸೆಂಟರ್ ಇತ್ತು. ಕರೆಂಟು ಇದ್ದಾಗ ಇಂಟರ್‌ನೆಟ್ಟು ಇರದು, ಇಂಟರ್‌ನೆಟ್ಟು ಇದ್ದಾಗ ಕರೆಂಟು ಇರದು. ಅಲ್ಲಿಂದ ನನ್ನ ಜೊತೆ ಶಿಕ್ಷಕಿಗೆ ಇಮೇಲ್ ಮಾಡುತ್ತಿದ್ದೆ. ಆಕೆ ಕೇರಳದವರು, ಆ ಶಾಲೆಯಲ್ಲೇ ಉಳಿದಿದ್ದರು. ಬಿಡುವಿನ ದಿನಗಳಲ್ಲಿ ನನ್ನ ಪರವಾಗಿ ಕಚೇರಿಗಳ ಮುಂದೆ ಕೂತರು. ಪರವಾನಗಿ ರದ್ದಾಯಿತು, ಶಾಲೆಯ ಪತ್ರ ಬಂತು. ನಿಧಿಯವರ ಅರ್ಜಿ ನಮೂನೆಯೂ ಬಂತು. ಅದರ ಕೊನೆಯ ಪುಟದಲ್ಲಿ ಹತ್ತು ಚೌಕಗಳಿದ್ದವು, ಹತ್ತು ಬೆರಳಿನ ಗುರುತಿಗೆ. ಸೇರುವಾಗ ನನ್ನ ಹತ್ತೂ ಬೆರಳು ಒತ್ತಿಸಿಕೊಂಡು ಇಟ್ಟಿದ್ದರು. ಈಗಿನದು ಅದಕ್ಕೆ ಹೊಂದಬೇಕು.

ಇಷ್ಟೇನಾ ಅಂದುಕೊಂಡೆ. ಬೆರಳು ಎಲ್ಲಿ ಹೋಗುತ್ತವೆ, ಕೈಯಲ್ಲೇ ಇವೆಯಲ್ಲ.

ನಮ್ಮ ತವರು ಕೆಂಚಾರ್ಲಹಳ್ಳಿ. ತವರಿನ ಕಡೆ ಪರಿಚಯದ ನೋಟರಿಯೊಬ್ಬರು ಚಿಂತಾಮಣಿ ಕೋರ್ಟಿನ ಮುಂದೆ ಕೂರುತ್ತಿದ್ದರು. ಅವರ ಗುಮಾಸ್ತ ನೇರಳೆ ಬಣ್ಣದ ಸ್ಟಾಂಪ್ ಪ್ಯಾಡ್ ತೆಗೆದು ನನ್ನ ಬೆರಳನ್ನು ಒಂದೊಂದಾಗಿ ಅದ್ದಿ ಅದ್ದಿ ಒತ್ತಿದ. "ಓದಿರೋರು ಹೆಬ್ಬೆಟ್ಟು ಒತ್ತೋದು ಇದೇ ಮೊದ್ಲು ನೋಡ್ತಿರೋದು" ಎಂದು ನಕ್ಕ. ನಾನೂ ನಕ್ಕೆ. ನೋಟರಿ ಸಹಿ ಮಾಡಿ ಮೊಹರು ಹಾಕಿದರು. ಆ ಹತ್ತು ನೇರಳೆ ಮಚ್ಚೆಗಳನ್ನು ನಾನು ಸರಿಯಾಗಿ ನೋಡಲೂ ಇಲ್ಲ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಬಿಟ್ಟೆ.

ಕಾಯುವ ದಿನಗಳಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಗಂಡನ ಮನೆಯದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಭಾವ ಮಾರುಕಟ್ಟೆಯಿಂದ ಗೂಡು ಕೊಂಡು ತರುತ್ತಿದ್ದರು, ನನ್ನವರು ಒಲೆ ಮತ್ತು ರಾಟೆ ನೋಡಿಕೊಳ್ಳುತ್ತಿದ್ದರು. ಮಗಳನ್ನು ವಾರಕ್ಕೆ ಮೂರು ದಿನ ಬೆಂಗಳೂರಿಗೆ ಮಾತಿನ ತರಬೇತಿಗೆ ಕರೆದೊಯ್ಯಬೇಕಾಗಿದ್ದ ನನಗೆ ಯಾವ ಶಾಲೆ ಕೆಲಸ ಕೊಟ್ಟೀತು? ಬೇಸಿನ್ನಿಗೆ ಕೂರುತ್ತಿದ್ದ ಹೆಂಗಸೊಬ್ಬಳು ಬಿಟ್ಟು ಹೋದಳು. ಅರ್ಜಿ ನಮೂನೆ ಬರುವುದಕ್ಕೂ ಎಷ್ಟೋ ಮೊದಲೇ ಆ ಜಾಗದಲ್ಲಿ ನಾನು ಕೂತಿದ್ದೆ. ಬೇಸಿನ್ನಿನಲ್ಲಿ ಹಬೆಯಾಡುವ ಬಿಸಿನೀರು, ಅದರಲ್ಲಿ ತೇಲುವ ಬೆಂದ ಗೂಡು. ಬೆರಳ ತುದಿಯಿಂದ ತಡವಿ ತಡವಿ ಗೂಡಿನ ಎಳೆಯ ತುದಿ ಹಿಡಿದು, ಓಡುವ ನೂಲಿಗೆ ಸೇರಿಸಬೇಕು. ಕೈಗವಸು ಹಾಕಿಕೊಂಡರೆ ಎಳೆ ಸಿಗುವುದಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆರಳು ನೀರಿನಲ್ಲೇ. ಶುರುವಿನಲ್ಲಿ ಬೊಬ್ಬೆ ಎದ್ದವು. ಆಮೇಲೆ ಚರ್ಮ ಬೆಳ್ಳಗೆ ಊದಿ, ಒಣಗಿ, ಸಿಪ್ಪೆ ಎದ್ದು ಹೋಗಿ ಹೊಂದಿಕೊಂಡಿತು. ಹೊಂದಿಕೊಂಡಿತು ಎಂದು ನನಗೆ ಹೆಮ್ಮೆ ಬೇರೆ.

ನಾಲ್ಕು ತಿಂಗಳ ನಂತರ ಲಕೋಟೆ ಬಂತು. ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತೇ ಒಡೆದೆ. ಕಳಿಸಿದ ಬೆರಳ ಗುರುತುಗಳಲ್ಲಿ ಹೋಲಿಸಿ ನೋಡಲು ಗೆರೆಗಳೇ ಇಲ್ಲ, ಅರ್ಜಿದಾರಳು ಅದೇ ವ್ಯಕ್ತಿ ಎಂದು ಒಪ್ಪಲಾಗದು, ಆರು ತಿಂಗಳೊಳಗೆ ಸ್ಪಷ್ಟ ಗುರುತು ಬರದಿದ್ದರೆ ಕಡತ ಮುಚ್ಚಲಾಗುವುದು. ಪತ್ರದಲ್ಲಿ ಬೈಗುಳ ಇರಲಿಲ್ಲ, ಅನುಮಾನದ ದನಿಯೂ ಇರಲಿಲ್ಲ. ಅದೇ ಹೆಚ್ಚು ಹೆದರಿಸಿತು. ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡೆ. ಹತ್ತೂ ತುದಿ ನುಣ್ಣಗೆ, ಸುಲಿದ ಬೆಳ್ಳುಳ್ಳಿ ಎಸಳಿನ ಹಾಗೆ. ಸೇರುವಾಗ ಗುರುತು ಕೊಟ್ಟ ಬೆರಳು ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿದದ್ದಿಲ್ಲ. ಈ ಬೆರಳು ಯಾರದೋ. ಅಲ್ಲೇ ಕೂತು ಅತ್ತೆ. ಮಗಳಿಗೆ ನಾಲ್ಕು ಆಗಲೇ ತುಂಬಿತ್ತು.

ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲಾ ಕೇಂದ್ರವಾಗಿತ್ತು. ಅಲ್ಲಿ ಬೆರಳಚ್ಚು ತೆಗೆಯಲು ತರಬೇತಿ ಪಡೆದ ಪೊಲೀಸ್ ಅಧಿಕಾರಿ ಬಂದಿದ್ದಾರೆ, ಸ್ಟಾಂಪ್ ಪ್ಯಾಡ್ ಅಲ್ಲ, ಸರಿಯಾದ ಕಪ್ಪು ಮಸಿಯಲ್ಲಿ ತೆಗೆಯುತ್ತಾರೆ ಎಂದು ನೋಟರಿ ಹೇಳಿದರು. ಹೋಗುವ ಹಿಂದಿನ ದಿನ ನಮ್ಮ ಘಟಕದ ಹೆಂಗಸರೆಲ್ಲ ಸೇರಿ ನನ್ನ ಬೆರಳಿಗೆ ಬಿಸಿ ಹರಳೆಣ್ಣೆ ತಿಕ್ಕಿದರು. ಬೇಸಿನ್ನಿನ ಕೈಗೆ ನಮ್ಮಲ್ಲಿ ಇದೇ ಮದ್ದು, ಚರ್ಮ ಮೆತ್ತಗಾದರೆ ಗೆರೆ ಏಳುತ್ತವೆ ಎಂಬ ನಂಬಿಕೆ. ರಾತ್ರಿಯೆಲ್ಲ ಬಟ್ಟೆ ಸುತ್ತಿಕೊಂಡು ಮಲಗಿದ್ದೆ.

ಅಧಿಕಾರಿ ಗಾಜಿನ ಮೇಲೆ ಮಸಿ ಸವರಿ ನನ್ನ ಹೆಬ್ಬೆರಳು ಹಿಡಿದು ಉರುಳಿಸಿದರು. ಮಸಿ ಬೆರಳಿಗೆ ಅಂಟದೆ ಜಾರಿತು. ಮೂಸಿ ನೋಡಿದರು.

"ಏನಮ್ಮ ಇದು, ಬೆರಳಚ್ಚಿಗೆ ಬಂದಿದೀಯೋ ತಲೆಸ್ನಾನಕ್ಕೆ ಬಂದಿದೀಯೋ?"

ಸೋಪು, ಸ್ಪಿರಿಟ್ಟು ಎಲ್ಲ ಹಾಕಿ ಒರೆಸಿ ಮತ್ತೆ ತೆಗೆದರು. ಕಾಗದದ ಮೇಲೆ ಬಿದ್ದದ್ದು ಹತ್ತು ಕರೀ ಮಚ್ಚೆ, ನಡುವೆ ಬಿರುಕಿನ ಬಿಳಿ ಗೀಟು. ಭೂತಗನ್ನಡಿ ಹಿಡಿದು ನನ್ನ ಬೆರಳನ್ನೇ ನೋಡಿದರು. ಏನು ಕೆಲಸ ಮಾಡ್ತೀಯ ಎಂದು ಕೇಳಿದರು. ಹೇಳಿದೆ.

"ಗೆರೆ ಸತ್ತಿಲ್ಲ ಕಣಮ್ಮ. ಮೇಲಿನ ಚರ್ಮ ಬೆಂದಿದೆ ಅಷ್ಟೆ. ಎರಡು ತಿಂಗಳು ನೀರು ಮುಟ್ಬೇಡ. ಬಿಸಿನೀರೂ ಇಲ್ಲ, ತಣ್ಣೀರೂ ಇಲ್ಲ, ಸೋಪಿಲ್ಲ, ಪಾತ್ರೆ ಪಗಡೆ ಇಲ್ಲ. ಕೈ ಮಡಗಿಕೊಂಡು ಸುಮ್ನೆ ಕೂತ್ಕೋ. ತಾನಾಗೇ ಬರುತ್ತೆ."

"ಬರದಿದ್ರೆ ಸಾರ್?"

"ಬರದಿದ್ರೆ ನಾನೇನು ಬರೆಯಕ್ಕಾಗುತ್ತಾ?"

ಆ ಸಂಜೆ ಮನೆಯಲ್ಲಿ ನನ್ನವರು ಅಕ್ಕನ ಕೈ ನೋಡಿದರು. ಅಕ್ಕ ಎಂದರೆ ನನ್ನ ವಾರಗಿತ್ತಿ, ಅಡುಗೆ ಮನೆ ಅವರದು, ಬೇಸಿನ್ನಿಗೆ ಕೂತವರಲ್ಲ.

"ಅಕ್ಕನ ಬೆರಳು ಚೆನ್ನಾಗವೆ ಕಣೇ. ಒತ್ತಿಸಿ ಕಳಿಸಿಬಿಡಣ. ಅಷ್ಟು ದೂರದಲ್ಲಿ ಯಾರು ನೋಡ್ತಾರೆ?"

"ನೋಡೋದೇ ಅವ್ರ ಕೆಲ್ಸ. ನನ್ನ ಹಳೇ ಗುರುತು ಅಲ್ಲಿದೆ. ಮೋಸ ಅಂತ ಬರೆದುಬಿಟ್ರೆ ಮಗೂಗೆ ಇರೋ ಒಂದು ದಾರೀನೂ ಮುಚ್ಚಿಹೋಗುತ್ತೆ."

ಹೀಗೆ ಹೇಳಿದೆನಾದರೂ, ನಿಜ ಹೇಳುತ್ತೇನೆ, ಒಂದು ಗಳಿಗೆ ನಾನೂ ಅಕ್ಕನ ಕೈಯನ್ನು ಆಸೆಯಿಂದ ನೋಡಿದ್ದೆ. ಮುಳುಗುವವರಿಗೆ ಯಾವ ಹಗ್ಗವಾದರೇನು. ನನ್ನವರು ತಲೆ ತಗ್ಗಿಸಿ ಎದ್ದು ಹೋದರು. ಅವರ ಮೇಲೆ ಸಿಟ್ಟು ಬರಲಿಲ್ಲ, ನಮ್ಮಿಬ್ಬರ ಮೇಲೂ ಅಯ್ಯೋ ಅನ್ನಿಸಿತು.

ಎರಡು ತಿಂಗಳು ನೀರು ಮುಟ್ಟದೆ ಕೂರುವುದು ಹೇಳಲು ಸುಲಭ. ಕೂಡು ಕುಟುಂಬದ ಕಿರಿ ಸೊಸೆ ಕೈ ಕಟ್ಟಿ ಕೂತರೆ ಬೇಸಿನ್ನಿಗೆ ಯಾರು, ಬಟ್ಟೆಗೆ ಯಾರು, ಮಗಳ ಸ್ನಾನಕ್ಕೆ ಯಾರು? ಬಂದು ಹೋಗುವ ನೆಂಟರಿಗೆ ಏನು ಹೇಳುವುದು? ಭಾವ ಊಟದ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟರು. ಅತ್ತೆ ಒಬ್ಬರೇ ಎಲೆ ಅಡಿಕೆ ಕುಟ್ಟುತ್ತ ಎಲ್ಲ ಕೇಳಿಸಿಕೊಂಡರು. ಅವರ ತವರು ಗಡಿಯಾಚೆ, ಆಂಧ್ರದ ಕಡೆ. ಮಾತಿಗೆ ತೆಲುಗು ನುಗ್ಗುತ್ತದೆ, ಅದರಲ್ಲೂ ಯಾರ ಮಾತಿಗೂ ಬಗ್ಗುವುದಿಲ್ಲ ಎಂದು ತೀರ್ಮಾನಿಸಿದಾಗ.

"ಸರೇಲೇ. ನೀರು ಮುಟ್ಟದೆ ಕೂತ್ಕೊಳ್ಳೋಳು ನಮ್ಮ ಮನೇಲಿ ಯಾರು? ಬಾಣಂತಿ. ಇವತ್ತಿಂದ ಇವಳು ಬಾಣಂತಿ. ನಾನು ಬಾಣಂತನ ಮಾಡ್ತೀನಿ. ಬಾಣಂತೀನ ಕೆಲಸ ಕೇಳೋ ಗಂಡ್ಸು ಯಾರಾನ ಇದ್ರೆ ಎದುರಿಗೆ ಬರ್ಲಿ."

ಯಾರೂ ಎದುರಿಗೆ ಬರಲಿಲ್ಲ. ನಾನು ನಗಬೇಕೋ ಅಳಬೇಕೋ ತಿಳಿಯದೆ ಕೂತೆ. ಆದರೆ ಅವರು ತಮಾಷೆ ಮಾಡಿರಲಿಲ್ಲ. ಮರುದಿನ ಒಳಕೋಣೆಯಲ್ಲಿ ನನಗೆ ಹಾಸಿಗೆ, ತಲೆಗೆ ಸ್ಕಾರ್ಫು, ಬೆಳ್ಳುಳ್ಳಿ ಮೆಣಸಿನ ಸಾರು, ಸಂಜೆ ಸಾಂಬ್ರಾಣಿ ಹೊಗೆ. ಅನ್ನ ಕಲಸಿಯೂ ಕೊಡುತ್ತಿದ್ದರು, ಸ್ಪೂನಿನಲ್ಲಿ ತಿನ್ನಬೇಕು. ಪಕ್ಕದ ಮನೆಯವರು ಇಣುಕಿ, "ಮಗು ಯಾವುದಮ್ಮ?" ಎಂದು ಕೇಳಿದರೆ ಅತ್ತೆ ನನ್ನ ಎರಡೂ ಕೈ ಎತ್ತಿ ತೋರಿಸುತ್ತಿದ್ದರು.

"ಹತ್ತು ಹುಟ್ಟವೆ. ಬೇಕಾದ್ರೆ ಎಣಿಸ್ಕೊಳ್ಳಿ."

ಬಾಣಂತಿಯ ಕಿವಿಗೆ ಹತ್ತಿ ಇಡಬೇಕೆಂದು ಅದನ್ನೂ ತಂದರು. ನಾನು ಬೇಡವೆಂದು ತಲೆಯಾಡಿಸಿದೆ. ಆ ಹತ್ತಿಯನ್ನು ಮಗಳು ಎತ್ತಿಕೊಂಡು ತನ್ನ ಎರಡು ಕಿವಿಗೂ ತುರುಕಿಕೊಂಡು ನನ್ನನ್ನು ನೋಡಿ ನಕ್ಕಳು. ಅತ್ತೆ ಮುಖ ತಿರುಗಿಸಿದರು. ಆಮೇಲೆ ಮನೆಯಲ್ಲಿ ಯಾರೂ ಹತ್ತಿಯ ಮಾತೆತ್ತಲಿಲ್ಲ.

ಬೇಸಿನ್ನಿಗೆ ಯಾರು ಎಂಬ ಪ್ರಶ್ನೆಗೂ ಅವರೇ ಉತ್ತರವಾದರು. ಅರವತ್ತು ದಾಟಿದ ಹೆಂಗಸು ಸೆರಗು ಸಿಕ್ಕಿಸಿ ನನ್ನ ಜಾಗದಲ್ಲಿ ಹೋಗಿ ಕೂತರು. ಮದುವೆಯಾಗಿ ಬಂದ ಕಾಲದಿಂದ ಇಪ್ಪತ್ತು ವರ್ಷ ಅಲ್ಲೇ ಕೂತಿದ್ದವರಂತೆ. ನಾನು ಬೇಡವೆಂದು ಹಟ ಹಿಡಿದೆ.

"ನಿಮ್ಮ ಕೈ ಏನಾಗ್ಬೇಕು ಅತ್ತೆ?"

"ನನ್ನ ಬೆರಳು ಯಾವ ದೇಶಕ್ಕೆ ಬೇಕಮ್ಮ? ಪೋನೀ, ಹೋಗ್ಲಿ ಬಿಡು, ನೀನು ನಿನ್ನ ಹತ್ತು ಮಕ್ಕಳ್ನ ನೋಡ್ಕೋ."

ಆ ದಿನಗಳು ನನಗೆ ಸುಖದ ದಿನಗಳಾಗಿರಲಿಲ್ಲ. ಸುಮ್ಮನೆ ಕೂತ ಕೈ ತಲೆಯನ್ನು ತಿನ್ನುತ್ತದೆ. ಮಗಳ ತರಬೇತಿಗೆ ನನ್ನವರು ಕರೆದೊಯ್ಯತೊಡಗಿದರು, ಅವಳು ಹೊರಡುವಾಗ ನನ್ನನ್ನು ಎಳೆಯುತ್ತಿದ್ದಳು. ಮಲಗಿಸುವಾಗ ಅವಳಿಗೆ ಬೆನ್ನು ತಟ್ಟಬಹುದಿತ್ತು, ಸ್ನಾನ ಮಾಡಿಸುವಂತಿರಲಿಲ್ಲ. ಈ ಗೆರೆಗಳು ಬಾರದೇ ಹೋದರೆ ಅವಳು ಜೀವನವಿಡೀ ಬಾಯಿ ಆಡುವುದನ್ನು ನೋಡುತ್ತಲೇ ಇರುತ್ತಾಳೆ ಎಂಬ ಯೋಚನೆ ಎದೆಯ ಮೇಲೆ ಕೂತಿರುತ್ತಿತ್ತು. ದೇವರ ಮೇಲೂ ಸಿಟ್ಟು, ಬಿಸಿನೀರಿನ ಮೇಲೂ ಸಿಟ್ಟು. ವಾರಕ್ಕೊಮ್ಮೆ ನನ್ನವರು ಮಸಿ ಹಚ್ಚಿ ಹಳೆಯ ದಿನಪತ್ರಿಕೆಯ ಅಂಚಿನಲ್ಲಿ ಒತ್ತಿಸಿ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಮೂರು ವಾರ ಏನೂ ಇಲ್ಲ. ನಾಲ್ಕನೆಯ ವಾರ ಎಡಗೈ ಕಿರುಬೆರಳಿನಲ್ಲಿ ಒಂದು ಸುಳಿ ಕಂಡಿತು. "ಬಂತು ಕಣೇ!" ಎಂದು ಅವರು ಕೂಗಿದ್ದಕ್ಕೆ ಘಟಕದ ಹೆಂಗಸರೆಲ್ಲ ಕೆಲಸ ಬಿಟ್ಟು ಓಡಿ ಬಂದರು. ನಿಜವಾಗಿಯೂ ಹೆರಿಗೆಯಾದ ಮನೆಯ ಹಾಗೆಯೇ ಇತ್ತು.

ಒಂದೊಂದಾಗಿ ಉಳಿದ ಬೆರಳುಗಳಲ್ಲೂ ಗೆರೆ ಮೂಡಿದವು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಒಪ್ಪಲಿಲ್ಲ. ಎಳೆ ಹಿಡಿಯುತ್ತಿದ್ದುದು ಆ ಎರಡೇ. ಎರಡು ತಿಂಗಳು ಮುಗಿದಾಗ ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋದೆ. ಅಧಿಕಾರಿ ಒಂದೊಂದು ಬೆರಳನ್ನೂ ಉಗುರಿನ ಈ ಅಂಚಿನಿಂದ ಆ ಅಂಚಿಗೆ ಉರುಳಿಸಿ ತೆಗೆದರು. ಎಂಟು ಚೌಕ ನೋಡಿ ತಲೆಯಾಡಿಸಿದರು. ಉಳಿದ ಎರಡನ್ನು ನೋಡಿ ಬಾಯಿ ಚಪ್ಪರಿಸಿದರು.

"ಇನ್ನೊಂದು ತಿಂಗಳು ಕೂತ್ರೆ ಇವೂ ಬರಬಹುದು. ಗ್ಯಾರಂಟಿ ಕೊಡಲ್ಲ. ಈಗ್ಲೇ ಕಳಿಸಿ ಅವ್ರು ಒಪ್ಪದಿದ್ರೆ ಕಡತ ಮುಚ್ಚಿಹೋಗುತ್ತೆ. ನೀನೇ ಯೋಚನೆ ಮಾಡು."

ನಿಧಿಯವರ ಗಡುವು ಇನ್ನೂ ಇತ್ತು. ಡಾಕ್ಟರ ಗಡುವು ಮಾತ್ರ ಓಡುತ್ತಿತ್ತು. ಸಾಧನ ವಿದೇಶದಿಂದ ತರಿಸಬೇಕು, ಅದಕ್ಕೇ ವಾರಗಟ್ಟಲೆ ಬೇಕು, ಮುಂಗಡ ಕೊಡದೆ ತರಿಸುವುದಿಲ್ಲ. ಜೊತೆಗೆ ಮನೆಯಲ್ಲಿ ಅತ್ತೆಯ ಕೈ ನೋಡಿ ಬಂದಿದ್ದೆ. ಬೊಬ್ಬೆ ಒಡೆದು ಅರಿಶಿನ ಮೆತ್ತಿಕೊಂಡು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಹತ್ತಕ್ಕೆ ಎಂಟು ಬಂದರೆ ನಾನು ಮಕ್ಕಳನ್ನು ಯಾವತ್ತೂ ನಪಾಸು ಮಾಡಿದವಳಲ್ಲ. ಆದರೆ ಇಲ್ಲಿ ಪರೀಕ್ಷೆ ಬರೆದವಳು ನಾನು, ತಿದ್ದುವವರು ಕಡಲಾಚೆ ಇದ್ದರು.

"ಎಂಟೇ ಕಳಿಸ್ತೀನಿ ಸಾರ್" ಎಂದೆ.

ಅವರು ಬೆರಳಚ್ಚಿನ ಜೊತೆಗೆ ಒಂದು ಪತ್ರ ಟೈಪು ಮಾಡಿಸಿದರು. ಈಕೆ ರೇಷ್ಮೆ ಬಿಚ್ಚುವ ಕೆಲಸ ಮಾಡಿದವಳು, ಬಿಸಿನೀರಿನಿಂದ ಎರಡು ಬೆರಳಿನ ಚರ್ಮ ಹಾಳಾಗಿದೆ, ಉಳಿದ ಎಂಟನ್ನು ನನ್ನ ಎದುರಿಗೇ ತೆಗೆಯಲಾಗಿದೆ ಎಂದು. ಸಹಿ ಹಾಕಿ ಮೊಹರು ಒತ್ತಿ, ಬಾಗಿಲವರೆಗೆ ಬಂದು, "ಕೊರಿಯರ್‌ನಲ್ಲಿ ಕಳಿಸಮ್ಮ, ಅಂಚೇಲಿ ಬೇಡ" ಎಂದರು. ಅಲ್ಲಿಂದ ನೇರವಾಗಿ ಕೊರಿಯರ್ ಅಂಗಡಿಗೆ ಹೋದೆ, ಮನಸ್ಸು ಬದಲಾಗುವ ಮೊದಲು.

ಆಮೇಲೆ ಬರೀ ಕಾಯುವುದು. ಮತ್ತೆ ಬೆರಳು ಕೇಳಿದರೆ ಎಂಬ ಭಯಕ್ಕೆ ಬೇಸಿನ್ನಿಗೆ ಹೋಗಲಿಲ್ಲ. ಕಂತಿನಲ್ಲಿ ಕೂಲಿ ಕೊಡುವ ಮಾತಿನ ಮೇಲೆ ಭಾವ ಒಬ್ಬಳನ್ನು ಗೊತ್ತು ಮಾಡಿ ಅತ್ತೆಯನ್ನು ಎಬ್ಬಿಸಿದರು. ಸೈಬರ್ ಸೆಂಟರಿಗೆ ದಿನವೂ ಹೋಗಿ ಬರುತ್ತಿದ್ದೆ. ಜೊತೆ ಶಿಕ್ಷಕಿ ನಿಧಿಯ ಕಚೇರಿಗೆ ಹೋಗಿ ವಿಚಾರಿಸಿದರೆ, ಕಡತ ಪರಿಶೀಲನೆಯಲ್ಲಿದೆ ಎಂಬ ಉತ್ತರ. ಮುಂದಿನ ವಾರವೂ ಅದೇ. ಅದರ ಮುಂದಿನ ವಾರ ಆಕೆ ನನ್ನ ಮಗಳ ಫೋಟೋ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟು ಬಂದರಂತೆ. ಫೋಟೋದಿಂದ ಕೆಲಸವಾಯಿತೋ, ಅಧಿಕಾರಿಯ ಪತ್ರದಿಂದ ಆಯಿತೋ, ಎಂಟು ಬೆರಳು ನಿಜಕ್ಕೂ ಹೊಂದಿದವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹಣ ಬಂದಿದೆ ಎಂದು ಬ್ಯಾಂಕಿನವರು ಹೇಳಿ ಕಳಿಸಿದಾಗ ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ್ದೆ. ಬಂದದ್ದು ನಾವು ಎಣಿಸಿದ್ದಕ್ಕಿಂತ ಕಡಿಮೆ, ಅಲ್ಲಿಯ ಹಣದ ಬೆಲೆ ಇಳಿದಿತ್ತು. ಕೊರತೆಗೆ ಭಾವ ಯಾರ ಬಳಿಯೋ ಕೈಸಾಲ ಮಾಡಿ ತಂದರು.

ಐದು ತುಂಬಲು ಸ್ವಲ್ಪವೇ ಉಳಿದಿದ್ದಾಗ ಆಪರೇಷನ್ ಆಯಿತು. ಗಾಯ ಮಾಯಲು ಒಂದು ತಿಂಗಳು ಬಿಟ್ಟು ಸಾಧನಕ್ಕೆ ಚಾಲನೆ ಕೊಡುವ ದಿನ ನಾನು, ನನ್ನವರು, ಅತ್ತೆ ಮೂವರೂ ಬೆಂಗಳೂರಿಗೆ ಹೋದೆವು. ಒಂದು ಪುಟ್ಟ ಕೋಣೆ. ಶ್ರವಣ ತಜ್ಞೆ ಮಗಳ ಕಿವಿಯ ಹಿಂದೆ ಯಂತ್ರ ಸಿಕ್ಕಿಸಿ ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಮಗಳು ನನ್ನವರ ತೊಡೆಯ ಮೇಲೆ ಆಟದ ಗೊಂಬೆ ತಿರುವುತ್ತ ಕೂತಿದ್ದಳು.

"ಹಿಂದಿನಿಂದ ಕೂಗಿ ಅಮ್ಮ" ಎಂದು ತಜ್ಞೆ ನನಗೆ ಹೇಳಿದರು.

"ಪುಟ್ಟೀ" ಎಂದೆ.

ಅವಳ ಕೈಯಿಂದ ಗೊಂಬೆ ಬಿತ್ತು. ಮೇಲೆ ಸೂರಿನ ಕಡೆ ನೋಡಿದಳು, ಆಮೇಲೆ ಬಾಯಿ ಸೊಟ್ಟಗೆ ಮಾಡಿ ಜೋರಾಗಿ ಅಳತೊಡಗಿದಳು. ತನ್ನ ಅಳುವೂ ಕೇಳಿಸಿರಬೇಕು, ಇನ್ನಷ್ಟು ಹೆದರಿ ನನ್ನವರ ಅಂಗಿಯೊಳಗೆ ಮುಖ ಹುದುಗಿಸಿದಳು. ನಾನು ಬಾಯಿ ಮುಚ್ಚಿಕೊಂಡೆ. ಇಷ್ಟು ವರ್ಷದ ಮೇಲೆ ನನ್ನ ದನಿಯೇ ಅವಳನ್ನು ಹೆದರಿಸಿತಲ್ಲ.

"ನಿಲ್ಲಿಸಬೇಡಿ" ಎಂದರು ತಜ್ಞೆ. "ಕೇಳಿಸಿದ್ದಕ್ಕೇ ಅಳ್ತಿರೋದು. ಮಾತಾಡ್ತಾನೇ ಇರಿ."

ಏನು ಮಾತಾಡುವುದು? ಅವಳು ಹುಟ್ಟಿದಂದಿನಿಂದ ಹೇಳಬೇಕೆಂದುಕೊಂಡ ಒಂದು ಮಾತೂ ನೆನಪಿಗೆ ಬರಲಿಲ್ಲ. ಅತ್ತೆ ಹಿಂದಿನಿಂದ ತಿವಿದು, "ಏದೋ ಒಕಟಿ ಹೇಳಮ್ಮ, ಏನಾದ್ರೂ ಹೇಳು" ಎಂದರು. ನಾನು ಮೆಲ್ಲಗೆ ಎರಡರ ಮಗ್ಗಿ ಹೇಳತೊಡಗಿದೆ. ಎರಡೊಂದ್ಲ ಎರಡು. ಎರಡೆರಡ್ಲ ನಾಲ್ಕು. ಅಳು ನಡುನಡುವೆ ನಿಂತು ಮತ್ತೆ ಶುರುವಾಗುತ್ತಿತ್ತು. ಮಗ್ಗಿ ಮುಗಿಯುವ ಹೊತ್ತಿಗೆ ಅವಳು ಅಂಗಿಯಿಂದ ಅರ್ಧ ಮುಖ ಹೊರಗೆ ಹಾಕಿ, ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿದ್ದಳು. ನಾನು ಉಸಿರು ಎಳೆದುಕೊಂಡು ಮೂರರ ಮಗ್ಗಿ ಶುರು ಮಾಡಿದೆ.